ಹಿಂದಿನ ಗೇಟಿನ ಝೂಮ್

ಆ ಸೆಕ್ಯುರಿಟಿ ಆಫೀಸರಿಗೆ ಝೂಮ್ ಎಂದರೆ ಪ್ರಾಣ. ಮೋಟಾರು ತಯಾರಿಸುವ ಕಾರ್ಖಾನೆ ಅದು. ಹದಿನಾರು ಕ್ಯಾಮರಾ, ಒಂದು ರೆಕಾರ್ಡಿಂಗ್ ರೂಮು. ಮಧ್ಯಾಹ್ನ ಊಟ ಮುಗಿಸಿ, ಹಲ್ಲಿಗೆ ಕಡ್ಡಿ ಹಾಕುತ್ತ ಬಂದು ಆ ರೂಮಿನ ತಿರುಗುವ ಕುರ್ಚಿಯಲ್ಲಿ ಕೂತನೆಂದರೆ, ನಲವತ್ತು ಹೆಜ್ಜೆ ದೂರದ ಹಿಂದಿನ ಗೇಟನ್ನು ಪರದೆಯ ತುಂಬ ಎಳೆದುಕೊಳ್ಳುತ್ತಿದ್ದ. ಬೀಗದ ಮೇಲೆ ಕೊರೆದ ಅಕ್ಷರ ಓದಿ ಹೇಳುತ್ತಿದ್ದ. ಬಂದವರಿಗೆಲ್ಲ, ಕೊರಿಯರ್ ತಂದವನಿಗೂ ಬಿಡದೆ, "ನೋಡ್ರಿ, ಅಲ್ಲಿ ನೊಣ ಕೂತ್ರೂ ಗಂಡೋ ಹೆಣ್ಣೋ ಹೇಳ್ತೀನಿ" ಎಂದು ಕೊಚ್ಚಿಕೊಳ್ಳುತ್ತಿದ್ದ. ಅವನಿಗೆ 'ಅವರು' ಎನ್ನುವಷ್ಟು ದೊಡ್ಡ ಮನಸ್ಸು ಅಕ್ಕನಿಗೆ ಇರಲಿಲ್ಲ. ಈ ಕಥೆಗೂ ಇಲ್ಲ.

ಅಕ್ಕ ಎಂದರೆ ಕ್ಯಾಮರಾ ಜೋಡಿಸುವವಳು, ಕೆಟ್ಟರೆ ರಿಪೇರಿ ಮಾಡುವವಳು. ಇಪ್ಪತ್ತೆರಡು ವರ್ಷದ ಕಸುಬು. ಏಣಿ ಹತ್ತಿ ಇಳಿದು ಮೊಣಕಾಲು ಸವೆದಿವೆ, ನಾಲಿಗೆ ಮಾತ್ರ ಸವೆದಿಲ್ಲ. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕರಿಗಾಜು ತೂಗುತ್ತಿರುತ್ತದೆ, ವೆಲ್ಡಿಂಗ್ ಮಾಡುವವರು ಕಣ್ಣಿಗೆ ಅಡ್ಡ ಹಿಡಿಯುತ್ತಾರಲ್ಲ, ಅಂಥದು. ಅದರಿಂದಲೇ ಪೇಟೆಯಲ್ಲಿ ಅವಳನ್ನು ಕರಿಗಾಜಿನಕ್ಕ ಎಂದು ಕರೆಯುತ್ತಾರೆ. ಹಗಲಲ್ಲಿ ಲೆನ್ಸ್ ಹೊಂದಿಸುವಾಗ ಅವಳು ಆ ಗಾಜನ್ನು ಅದರ ಮುಂದೆ ಹಿಡಿಯುತ್ತಾಳೆ. ಬಿಸಿಲಿನಲ್ಲಿ ಎಲ್ಲ ಲೆನ್ಸೂ ಜಾಣನೇ. ಹೊತ್ತು ಮುಳುಗಿದ ಮೇಲೆ ಅದರ ಯೋಗ್ಯತೆ ಎಷ್ಟೆಂದು ಮಧ್ಯಾಹ್ನವೇ ತಿಳಿಯಬೇಕಾದರೆ ಕರಿಗಾಜು ಬೇಕು. ಈ ಕಸುಬಿನ ಅರ್ಧ ಜನ ಮಾಡುವ ತಪ್ಪು ಅದೇ: ಬಿಸಿಲಿನಲ್ಲಿ ಪರದೆ ನೋಡಿ, ಭೇಷ್ ಎಂದುಕೊಂಡು ಏಣಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ.

ಅವಳಿಗೊಬ್ಬ ತಮ್ಮ. ಹತ್ತೊಂಬತ್ತು ವರ್ಷ ಅದೇ ಕಾರ್ಖಾನೆಯ ಸ್ಟೋರಿನಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಜೋಪಾನ ಮಾಡಿದವನು. ಮಾತು ಕಮ್ಮಿ. ಚಿಕ್ಕವನಿದ್ದಾಗ ಮಹಡಿ ಮೆಟ್ಟಿಲಿಂದ ಬಿದ್ದು ಎಡಗಾಲು ತುಸು ಎಳೆಯುತ್ತದೆ. ಮೂರು ವರ್ಷದ ಹಿಂದೆ ಒಂದು ಮುಸ್ಸಂಜೆ, ಯಾರೋ ಒಂದು ಸುರುಳಿಯನ್ನು ಹೆಗಲ ಮೇಲಿಟ್ಟುಕೊಂಡು ಹಿಂದಿನ ಗೇಟಿನಿಂದ ಹೊರಗೆ ಹೋದರು. ಕ್ಯಾಮರಾದಲ್ಲಿ ಹನ್ನೊಂದು ಸೆಕೆಂಡಿನ ಚಿತ್ರ ಸಿಕ್ಕಿತು. ಆಫೀಸರು ಅದನ್ನು ನಾಲ್ಕು ಸಲ ಓಡಿಸಿ, ಪರದೆಯ ಮೇಲೆ ಬೆರಳಿಟ್ಟು, "ಸ್ಟೋರಿನವನೇ ಇವನು. ಕಾಲೆಳೆಯೋದು ಕಾಣಲ್ವಾ?" ಎಂದ. ಅಷ್ಟೇ ಸಾಕಾಯಿತು. ಕಳ್ಳತನದ ಕಾರಣಕ್ಕೆ ವಜಾ ಎಂದು ಟೈಪು ಮಾಡಿದ ಕಾಗದ ನೋಟಿಸ್ ಬೋರ್ಡಿನಲ್ಲಿ ಒಂದು ತಿಂಗಳು ತೂಗಿತು.

ವಿಚಾರಣೆಯ ದಿನ ತಮ್ಮನ ಜೊತೆ ಅಕ್ಕನೂ ಹೋಗಿದ್ದಳು. ಒಳಗೆ ಬಿಡಲಿಲ್ಲ, ಬಾಗಿಲಲ್ಲಿ ನಿಂತೇ ಆ ಹನ್ನೊಂದು ಸೆಕೆಂಡು ನೋಡಿದಳು. ಅವಳಿಗೆ ಹನ್ನೊಂದೂ ಬೇಕಾಗಿರಲಿಲ್ಲ. ಪರದೆಯಲ್ಲಿದ್ದದ್ದು ಮನುಷ್ಯನಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ ಮಸಿ.

"ಸಾರ್, ಲೆನ್ಸನ್ನ ಪೂರ್ತಿ ಎಳೆದಿಟ್ಟಿದ್ದೀರಿ," ಎಂದಳು. "ಈ ಲೆನ್ಸು ಹತ್ತಿರಕ್ಕೆ ಎಳೆದಷ್ಟೂ ಬಾಯಿ ಕಿರಿದು ಮಾಡ್ಕೊಳ್ಳುತ್ತೆ. ಕಾಲುಭಾಗ ಬೆಳಕೂ ಒಳಗೆ ಬರಲ್ಲ. ಬೆಳಕು ಸಾಲ್ದೆ ಇದ್ರೆ ಕ್ಯಾಮರಾ ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ತಗೊಳ್ಳುತ್ತೆ, ಅಷ್ಟರಲ್ಲಿ ಮನುಷ್ಯ ಮುಂದೆ ಹೋಗಿರ್ತಾನೆ. ಆ ಹೊತ್ತಲ್ಲಿ ಯಾರು ನಡೆದ್ರೂ ಕಾಲು ಎಳೆದ ಹಾಗೇ ಕಾಣೋದು."

ಆಫೀಸರು ಕುರ್ಚಿಯನ್ನೂ ತಿರುಗಿಸಲಿಲ್ಲ. "ನೋಡಮ್ಮ, ತಮ್ಮನ್ನ ಉಳಿಸ್ಕೊಳ್ಳೋಕೆ ಪಾಪ ಆ ಗಾಜಿನ ಮೇಲೆ ಯಾಕೆ ತಪ್ಪು ಹೊರಿಸ್ತೀಯ?" ಎಂದ. ರೂಮಿನಲ್ಲಿದ್ದವರು ನಕ್ಕರು. ಆ ನಗು ಅಕ್ಕನ ಹೊಟ್ಟೆಯೊಳಗೆ ಹೋಗಿ ಕೂತದ್ದು ಮತ್ತೆ ಏಳಲಿಲ್ಲ.

ತಮ್ಮ ಈಗ ಒಂದು ಅಂಗಡಿಯಲ್ಲಿ ರಟ್ಟಿನ ಡಬ್ಬ ಮಡಿಸುತ್ತಾನೆ. ಕೆಲಸ ಹೋದದ್ದನ್ನಾದರೂ ಅಕ್ಕ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಅವನಿಗೊಂದು ಚಾಳಿ ಅಂಟಿಕೊಂಡಿತು. ಎಲ್ಲಿಂದ ಹೊರಡುವಾಗಲೂ, ಯಾರೂ ಕೇಳದಿದ್ದರೂ, ಚೀಲದ ಜಿಪ್ಪು ಎಳೆದು ಬಾಯಿ ಅಗಲಿಸಿ ತೋರಿಸುತ್ತಾನೆ. ದಿನಸಿ ಅಂಗಡಿಯಲ್ಲಿ ತೋರಿಸುತ್ತಾನೆ, ಹೆಂಡತಿಯ ತವರಿನಲ್ಲೂ ತೋರಿಸುತ್ತಾನೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು ಹೊರಡುವಾಗ ಹೊಸ್ತಿಲಲ್ಲಿ ನಿಂತು ಅವಳಿಗೂ ತೋರಿಸಿದ: ಕೊಡೆ, ಟಿಫಿನ್ ಡಬ್ಬಿ, ಕನ್ನಡಕದ ಪೆಟ್ಟಿಗೆ. ಮೊದಲ ಸಲ ಅಕ್ಕ ಬೈದಳು. ಇನ್ನೊಂದು ಸಲ ಒಳಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ಆಮೇಲೆ ಬೈಯುವುದನ್ನೂ ಅಳುವುದನ್ನೂ ಬಿಟ್ಟು ಒಂದೇ ಹಟ ಹಿಡಿದಳು. ತಮ್ಮನ ಹೆಸರಿಗೆ ಹತ್ತಿದ ಮಸಿಯನ್ನು ಆ ಆಫೀಸರೇ ತನ್ನ ಕೈಯಾರೆ ಒರೆಸಬೇಕು, ಒರೆಸಿ ತಾನೂ ಒಂದು ದಿನ ಹೀಗೆ ಚೀಲ ಬಿಚ್ಚಿ ನಿಲ್ಲಬೇಕು.

ಎರಡು ವರ್ಷ ಕಳೆದ ಮೇಲೆ ಆ ಕಾರ್ಖಾನೆಯ ಕ್ಯಾಮರಾಗಳನ್ನು ನೋಡಿಕೊಳ್ಳಲು ಹೊಸಬರು ಬೇಕಾದರು. ಅಕ್ಕ ಓಡಾಡಿ ಆ ಕೆಲಸ ಹಿಡಿದಳು. ಆಫೀಸರು ಗುರುತು ಹಿಡಿದುಬಿಟ್ಟರೆ ಎಂದು ಮೊದಲ ದಿನ ಎದೆ ಡವಗುಟ್ಟುತ್ತಿತ್ತು. ಅವನು ಟ್ಯೂಬ್‌ಲೈಟಿನ ಕೆಳಗೆ, ಎರಡು ಮೊಳ ದೂರದಿಂದ ಅವಳ ಮುಖವನ್ನು ಚೆನ್ನಾಗಿ ನೋಡಿ, "ಈ ಕಡೆ ಹೊಸಬಳಾ?" ಎಂದ. ನಲವತ್ತು ಹೆಜ್ಜೆ ದೂರದ ಮಸಿಯಲ್ಲಿ ತಮ್ಮನನ್ನು ಗುರುತಿಸಿದ ಮಹಾನುಭಾವ ಇವನೇ. ಅಕ್ಕನಿಗೆ ನಗು ಉಕ್ಕಿ ಬಂತು, ಕೆಮ್ಮಿ ಮುಚ್ಚಿಕೊಂಡಳು.

ಹಿಂದಿನ ಗೇಟಿನ ಕ್ಯಾಮರಾ ಅಂದು ಹೇಗಿತ್ತೋ ಹಾಗೇ ಇತ್ತು. ಲೆನ್ಸು ಪೂರ್ತಿ ಎಳೆದದ್ದು. ಗೇಟಿನ ಹತ್ತಿರ ದೀಪವಿಲ್ಲ. ಕ್ಯಾಮರಾದ ಸ್ವಂತ ಪುಟ್ಟ ದೀಪದ ಬೆಳಕು ಹತ್ತು ಹೆಜ್ಜೆಗೇ ಸುಸ್ತಾಗುತ್ತಿತ್ತು. ಅಕ್ಕ ಏಣಿ ಹತ್ತಿ ಕರಿಗಾಜು ಅಡ್ಡ ಹಿಡಿದಳು. ಒಳಗೆ ಪರದೆಯ ಮೇಲೆ ಗೇಟು, ಬೀಗ, ಬೀಗದ ಮೇಲಿನ ಅಕ್ಷರ ಎಲ್ಲ ಕರಗಿ ರವೆ ಚೆಲ್ಲಿದಂತಾಯಿತು. ಆಫೀಸರು ಹೊರಗೆ ಓಡಿ ಬಂದ.

"ಏನಮ್ಮ ಇದು? ಕಣ್ಣಿಗೆ ಬಟ್ಟೆ ಕಟ್ಟಿ ಕಾಣ್ಸಲ್ಲ ಅಂತೀಯಾ?"

"ಸಾಯಂಕಾಲ ಇದಕ್ಕೆ ಕಾಣೋದು ಇಷ್ಟೇ ಸಾರ್."

"ನಾನು ದಿನಾ ನೋಡ್ತೀನಿ, ಕನ್ನಡಿ ಇದ್ದಂಗೆ ಕಾಣುತ್ತೆ."

"ನೀವು ನೋಡೋದು ಊಟ ಆದ್ಮೇಲೆ ಸಾರ್," ಎಂದಳು ಅಕ್ಕ. ಅದು ಅವನ ತಲೆಗೆ ಹೋಗಲಿಲ್ಲ.

ತನ್ನ ಕೆಲಸದಲ್ಲಿ ಅವಳು ಚೂರೂ ತಪ್ಪು ಮಾಡಲಿಲ್ಲ. ಲೆನ್ಸನ್ನು ಅಗಲಕ್ಕೆ ತರಬೇಕು, ಗೇಟಿನ ನೆತ್ತಿಯ ಮೇಲೆ ಒಂದು ದೀಪ ಹಾಕಬೇಕು, ಮುಖ ಹತ್ತಿರದಿಂದ ಬೇಕಿದ್ದರೆ ಗೇಟಿನ ಪಕ್ಕದಲ್ಲೇ ಇನ್ನೊಂದು ಕ್ಯಾಮರಾ ಕೂರಿಸಬೇಕು ಎಂದು ಸ್ಪಷ್ಟವಾಗಿ ಬರೆದು ಕೊಟ್ಟಳು. ಆಫೀಸರು ಅದರ ಮೇಲೆ ಅಡ್ಡಗೆರೆ ಎಳೆದು, "ಅಗತ್ಯವಿಲ್ಲ. ಝೂಮ್ ಈಗಿರುವಂತೆಯೇ ಇರಲಿ" ಎಂದು ಗೀಚಿ, ಸಹಿ ಹಾಕಿ, ಸೀಲನ್ನೂ ಒತ್ತಿದ. ಅಕ್ಕ ಬೇಕಿದ್ದರೆ ಮಾಲೀಕರವರೆಗೂ ಹೋಗಬಹುದಿತ್ತು. ಹೋಗಲಿಲ್ಲ. ಬೇಡ ಎಂದವನಿಗೆ ಬಲವಂತ ಮಾಡಲು ಅವಳೇನು ಅವನ ಹೆತ್ತ ತಾಯಿಯೇ? ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು. ಹಳೆಯ ಹನ್ನೊಂದು ಸೆಕೆಂಡು ಇನ್ನೂ ರೆಕಾರ್ಡಿಂಗ್ ಡಬ್ಬಿಯಲ್ಲಿ ಭದ್ರವಾಗಿದೆ ಎಂದು ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ತಿಂಗಳಿಗೊಮ್ಮೆ ಬಂದು, ಆ ಕ್ಯಾಮರಾದ ಧೂಳು ಒರೆಸಿ, ಒರೆಸುವಾಗ ಅದಕ್ಕೆ, "ಇರು, ನಿನ್ನ ದಿನಾನೂ ಬರುತ್ತೆ" ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದಳು.

ಹನ್ನೊಂದನೆಯ ತಿಂಗಳು ಆ ದಿನ ಬಂತು. ಇನ್ನೊಂದು ಸುರುಳಿ ಹೋಯಿತು, ಅದೇ ಗೇಟು, ಅದೇ ಮುಸ್ಸಂಜೆಯ ಹೊತ್ತು. ಈ ಸಲದ ಮಸಿಗೆ ತಲೆಯ ಮೇಲೆ ಏನೋ ಚಪ್ಪಟೆಯಾದದ್ದಿತ್ತು, ನಡುವಿನ ಹತ್ತಿರ ಏನೋ ಮುಂದಕ್ಕೆ ಬಂದಿತ್ತು. ಕಾರ್ಖಾನೆಯಲ್ಲಿ ಟೋಪಿ ಮತ್ತು ಹೊಟ್ಟೆ ಎರಡೂ ಇದ್ದವನು ಒಬ್ಬನೇ. ಹಿಂದಿನ ಗೇಟಿನ ಎರಡನೇ ಬೀಗದ ಕೈ ಇದ್ದದ್ದೂ ಅವನ ಹತ್ತಿರವೇ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಚಿತ್ರ ನೋಡಿದವರೆಲ್ಲ ಒಮ್ಮೆ ಪರದೆಯ ಕಡೆ, ಒಮ್ಮೆ ಆಫೀಸರ ಹೊಟ್ಟೆಯ ಕಡೆ ನೋಡಿದರು. ಸಂಜೆಯೊಳಗೆ ಕ್ಯಾಂಟೀನಿನಲ್ಲಿ ಉಪ್ಪುಖಾರ ಹಚ್ಚಿದ ಸುದ್ದಿ ಬಿಸಿಬಿಸಿಯಾಗಿ ಓಡಾಡುತ್ತಿತ್ತು.

ಕಾರ್ಖಾನೆಯನ್ನು ಈಗ ನಡೆಸುತ್ತಿದ್ದದ್ದು ಹಳೆಯ ಮಾಲೀಕರ ಮಗಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಐದಾರು ದಿನ ಬಿಟ್ಟು ಅವರು ಅಕ್ಕನಿಗೆ ಫೋನು ಮಾಡಿ ಸುತ್ತಿಬಳಸದೆ ಕೇಳಿದರು: "ಚಿತ್ರದಲ್ಲಿರೋದು ಅವರೇನಾ? ನೀವು ಹೇಳಿದ್ರೆ ನಾನು ಒಪ್ತೀನಿ."

ಒಂದು 'ಹೌದು' ಸಾಕಿತ್ತು. ಆ 'ಹೌದು' ಅಕ್ಕನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಅದರ ರುಚಿಯೂ ಅವಳಿಗೆ ಹತ್ತಿತ್ತು. ಹಾಳಾಗಿ ಹೋಗಲಿ, ಮೂರು ವರ್ಷ ನಾವು ತಿಂದದ್ದನ್ನು ಅವನೂ ತಿನ್ನಲಿ. ಆದರೆ ಅವಳು ಕಸುಬುದಾರಳು, ಸಿಟ್ಟಿನಲ್ಲೂ ಲೆಕ್ಕ ತಪ್ಪುವವಳಲ್ಲ. ಈ ಮಸಿ ಆಫೀಸರನ್ನು ತೋರಿಸುತ್ತದೆ ಎಂದು ಹೇಳಿದರೆ, ಆ ಮಸಿ ತಮ್ಮನನ್ನು ತೋರಿಸಿದ್ದೂ ನಿಜ ಎಂದಾಗುತ್ತದೆ. ಅವಳನ್ನು ತಡೆದದ್ದು ಒಳ್ಳೆಯತನವಲ್ಲ, ಆ ಲೆಕ್ಕ.

"ಫೋನಲ್ಲಿ ಹೇಳೋದಲ್ಲ ಮೇಡಂ," ಎಂದಳು. "ನಾಳೆ ಹೊತ್ತು ಮುಳುಗೋ ಟೈಮಿಗೆ ರೆಕಾರ್ಡಿಂಗ್ ರೂಮಿಗೆ ಬನ್ನಿ. ಆಫೀಸರ್ರೂ ಇರ್ಲಿ. ಗೇಟಿನ ಹತ್ರ ಮೂರು ಜನ ನಡೀತಾರೆ, ಅದರಲ್ಲಿ ಒಬ್ರು ಹೊರಗಿನವರು. ಅದಕ್ಕೆ ಒಪ್ಪಿಗೆ ಕೊಡಿ."

ಆ ಹೊರಗಿನವನನ್ನು ಒಪ್ಪಿಸುವುದೇ ಕಷ್ಟವಾಯಿತು. "ಆ ಗೇಟಿಗೆ ನಾನು ಬರಲ್ಲ ಅಕ್ಕ," ಎಂದ ತಮ್ಮ, ರಟ್ಟು ಮಡಿಸುತ್ತ, ತಲೆ ಎತ್ತದೆ.

"ಒಳಗಿಂದ ಹೊರಕ್ಕೆ ನಡ್ಕೊಂಡು ಹೋಗು, ಸಾಕು. ಅಲ್ಲಿ ನಿನ್ನ ಮುಖ ಯಾರಿಗೂ ಕಾಣಲ್ಲ."

"ಕಾಣದೇ ಇದ್ದಿದ್ರೆ ನನ್ನನ್ನ ಯಾಕೆ ಕಳಿಸಿದ್ರು?"

"ಅದನ್ನೇ ಕೇಳೋಣ ಬಾರೋ," ಎಂದಳು ಅಕ್ಕ. ತಮ್ಮ ಕೈಗೆ ಹತ್ತಿದ ಗೋಂದು ಒರೆಸಿಕೊಂಡ.

ಮಾರನೆಯ ದಿನ ಅಕ್ಕ ತುಸು ಬೇಗನೇ ಹೋದಳು. ಆಫೀಸರು ರೆಕಾರ್ಡಿಂಗ್ ರೂಮಿನಲ್ಲಿ ಅವಳಿಗಾಗಿ ಕಾಯುತ್ತಿದ್ದ. ಒಂದು ವಾರದಲ್ಲಿ ಮುಖ ಬಾಡಿ ಬದನೆಕಾಯಿಯಾಗಿತ್ತು. ಕುರ್ಚಿಯಿಂದ ಎದ್ದು, ಅವಳಿಗೇ ಕೂರು ಎಂದ.

"ಅಮ್ಮಾ, ನೀನು ತಿಳಿದವಳು. ಈ ಚಿತ್ರದಲ್ಲಿ ಯಾರನ್ನೂ ಗುರುತಿಸೋಕ್ಕಾಗಲ್ಲ ಅಂತ ಮೇಡಂಗೆ ಬಿಡಿಸಿ ಹೇಳು. ನಂಗೂ ಮನೆ ಮಠ ಇದೆ."

"ನೀವೇ ಹೇಳಿ ಸಾರ್. ಇಷ್ಟು ವರ್ಷ ಈ ಪರದೆ ನೋಡಿದವರು ನೀವು, ನಿಮ್ಮ ಮಾತಿಗೆ ಬೆಲೆ ಜಾಸ್ತಿ."

"ಹೇಳ್ತೀನಿ, ಹೇಳ್ತೀನಿ," ಎಂದ. ಮುಳುಗುವವನಿಗೆ ಹಗ್ಗ ಸಿಕ್ಕಿದಂತೆ ಆ ಮಾತನ್ನು ಹಿಡಿದುಕೊಂಡ.

ಮೇಡಂ ಬಂದು ಕೂತರು. ಹೊರಗೆ ಬೆಳಕು ಇಳಿಯುತ್ತಿತ್ತು. ಪರದೆಯಲ್ಲಿ ಬಣ್ಣಗಳು ಹೋಗಿ ಬರೀ ಕಪ್ಪು ಬಿಳುಪು ಉಳಿಯಿತು, ಆಮೇಲೆ ಅದರ ಮೇಲೆ ರವೆ ಉದುರತೊಡಗಿತು. ಅಕ್ಕ ಫೋನಿನಲ್ಲಿ, "ಹೂಂ, ಒಬ್ಬೊಬ್ಬರೇ ಬನ್ನಿ" ಎಂದಳು. ಹೆಗಲ ಮೇಲೆ ಖಾಲಿ ರಟ್ಟಿನ ಡಬ್ಬ ಹೊತ್ತ ಒಂದು ಆಕಾರ ಗೇಟು ದಾಟಿತು. ಕಾಲುಗಳು ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿದ್ದವು.

"ಯಾರದು?" ಎಂದು ಮೇಡಂ ಆಫೀಸರನ್ನು ಕೇಳಿದರು.

"ಗೊತ್ತಾಗಲ್ಲ ಮೇಡಂ. ಖಂಡಿತ ಗೊತ್ತಾಗಲ್ಲ."

ಎರಡನೆಯ ಆಕಾರ ಬಂತು. ಅದೂ ಕಾಲೆಳೆಯುತ್ತಿತ್ತು. ಆಫೀಸರ ಗಂಟಲಿಗೆ ಬಲ ಬಂತು. "ನೋಡಿ ಮೇಡಂ, ಗಂಡೋ ಹೆಣ್ಣೋ ಅಂತಾನೂ ಹೇಳೋಕ್ಕಾಗಲ್ಲ. ಈ ಕ್ಯಾಮರಾನ ನಂಬ್ಕೊಂಡು ಒಬ್ಬ ಮನುಷ್ಯನ ಮೇಲೆ ಕಳ್ಳತನ ಹೊರಿಸೋದು ಮಹಾಪಾಪ."

ಮೂರನೆಯದೂ ಹಾಗೇ ನಡೆಯಿತು. "ಇವನೂ ಯಾರೋ. ದೇವರಾಣೆಗೂ ಹೇಳೋಕ್ಕಾಗಲ್ಲ," ಎಂದು ಆಫೀಸರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಅವನ ಮುಖದಲ್ಲಿ ರಕ್ತ ವಾಪಸು ಬಂದಿತ್ತು.

"ಮೊದಲನೆಯವರು ವಾಚ್‌ಮನ್," ಎಂದಳು ಅಕ್ಕ. "ಎರಡನೆಯವರು ಕ್ಯಾಂಟೀನ್ ಅಡುಗೆಯಮ್ಮ. ಇಬ್ಬರ ಕಾಲೂ ನೆಟ್ಟಗಿದೆ. ಮೇಡಂ, ಈಗ ಇದೊಂದು ಹಳೇದು ನೋಡಿ."

ಅವಳು ಒಂದು ಗುಂಡಿ ಒತ್ತಿದಳು. ಪರದೆಯ ಪಕ್ಕದ ಅರ್ಧದಲ್ಲಿ ಮೂರು ವರ್ಷದ ಹಿಂದಿನ ಹನ್ನೊಂದು ಸೆಕೆಂಡು ಓಡಿತು. ಅದೇ ಗೇಟು, ಅದೇ ಮಸಿ, ಅದೇ ಎಳೆಯುವ ಕಾಲು. ಆಫೀಸರ ಕರವಸ್ತ್ರ ಕುತ್ತಿಗೆಯಲ್ಲೇ ನಿಂತಿತು.

"ಇದನ್ನ ನೋಡಿ ಗುರುತಿಸಿದ್ದು ಯಾರು?" ಎಂದರು ಮೇಡಂ.

ಅಕ್ಕ ಅಂದು ತಮ್ಮನ ಕೈಗೆ ಕೊಟ್ಟಿದ್ದ ಹಳೆಯ ವಿಚಾರಣೆಯ ಕಾಗದ ಮುಂದಿಟ್ಟಳು. ಅದರ ಪಕ್ಕದಲ್ಲಿ ಪರ್ಸಿನಿಂದ ತೆಗೆದ, ನಾಲ್ಕು ಮಡಿಕೆಯ ಇನ್ನೊಂದು ಕಾಗದ ಇಟ್ಟಳು. ಎರಡರಲ್ಲೂ ಒಂದೇ ಸಹಿ ಇತ್ತು. ಮೇಡಂ ಎರಡನ್ನೂ ನಿಧಾನವಾಗಿ ಓದಿದರು.

"ಆವಾಗ ದೇವರಾಣೆ ಇರಲಿಲ್ವಾ ನಿಮಗೆ?" ಎಂದರು.

ಆಫೀಸರು ಅಕ್ಕನ ಕಡೆ ತಿರುಗಿದ. ಮೊದಲ ಸಲ ಅವಳನ್ನು ನಿಜವಾಗಿ ನೋಡಿದ. "ನೀನು..." ಎಂದ.

"ಬಾಗಿಲಲ್ಲಿ ನಿಂತಿದ್ದೆ ಸಾರ್. ನೀವು ಕುರ್ಚಿ ತಿರುಗಿಸಲಿಲ್ಲ."

ಹೇಳುತ್ತಲೇ ಅವಳು ಲೆನ್ಸನ್ನು ಅಗಲಕ್ಕೆ ಬಿಟ್ಟಳು. ಗೇಟು ದೂರ ದೂರ ಸರಿಯಿತು, ಪರದೆ ಬೆಳಗತೊಡಗಿತು. ಕಿಟಕಿಯ ಪರದೆ ಸರಿಸಿದಂತೆ ಗೋಡೆ, ಗೇಟಿನ ಕಂಬ, ನೆಲದ ಮೇಲಿನ ಹರಕು ಗೋಣಿ ಎಲ್ಲ ಕಾಣಿಸಿತು. ಗೇಟಿನಾಚೆ ಒಬ್ಬ ಮನುಷ್ಯ ನಿಂತಿದ್ದ. ಮುಖ ಬೆರಳಿನ ಉಗುರಿನಷ್ಟಾಗಿತ್ತು, ಆದರೆ ಮುಖವಾಗಿತ್ತು. ಅವನು ಡಬ್ಬವನ್ನು ಕೆಳಗಿಟ್ಟು, ಕ್ಯಾಮರಾದ ಕಡೆ ತಿರುಗಿ, ತನ್ನ ಚೀಲದ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದ.

ಇದನ್ನು ಅಕ್ಕ ಹೇಳಿಕೊಟ್ಟಿರಲಿಲ್ಲ.

"ಏನು ಮಾಡ್ತಿದ್ದಾರೆ ಅವರು?" ಎಂದರು ಮೇಡಂ.

"ಚೀಲ ತೋರಿಸ್ತಿದ್ದಾನೆ. ನಿಮ್ಮ ಸ್ಟೋರಲ್ಲಿ ಹತ್ತೊಂಬತ್ತು ವರ್ಷ ಇದ್ದವನು ಅವನು, ನನ್ನ ತಮ್ಮ. ಮೂರು ವರ್ಷದಿಂದ ಎಲ್ಲಿಗೆ ಹೋದ್ರೂ ಹೀಗೇ ತೋರಿಸ್ತಾನೆ. ನನಗೂ ತೋರಿಸ್ತಾನೆ ಮೇಡಂ."

ಮೇಡಂ ಎರಡೂ ಕಾಗದಗಳನ್ನು ಮಡಿಸಿ ಕೈಗೆತ್ತಿಕೊಂಡರು. ಆಮೇಲೆ ಅವನನ್ನು ವಜಾ ಮಾಡಿದ್ದು ತಪ್ಪು ಎಂಬ ಕಾಗದ ನಾಳೆ ಬೆಳಿಗ್ಗೆ ಅದೇ ಬೋರ್ಡಿಗೆ ಬರಬೇಕು, ಕೆಳಗೆ ಆಫೀಸರ ಸಹಿ ಇರಬೇಕು ಎಂದು ಎದ್ದರು. ಗೇಟಿನ ಬೀಗದ ಕೈಯನ್ನು ಆಫೀಸರಿಂದ ಅಲ್ಲೇ ಈಸಿಕೊಂಡು ಹೋದರು.

ಅವರು ಹೋದ ಮೇಲೆ ಆಫೀಸರು ಅಕ್ಕನ ಹಿಂದೆ ಬಿದ್ದ. "ಸಹಿ ಹಾಕ್ತೀನಮ್ಮ. ಎಲ್ಲಿ ಬೇಕೋ ಹಾಕ್ತೀನಿ. ಆದ್ರೆ ಆ ಹೊಸ ಚಿತ್ರದಲ್ಲಿರೋದು ನಾನಲ್ಲ ಅಂತ ಒಂದು ಮಾತು ಬರ್ಕೊಡು. ನಾನು ತಗೊಂಡಿಲ್ಲ, ನಿಜವಾಗ್ಲೂ ತಗೊಂಡಿಲ್ಲ."

ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ ಎಂದು ಅಕ್ಕನಿಗೂ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದಲೇ ಅವಳಿಗೆ ಇನ್ನೂ ಹಿತವಾಯಿತು.

"ನೀವೇ ಅಂತ ಹೇಳೋಕ್ಕಾಗಲ್ಲ ಸಾರ್," ಎಂದಳು. "ನೀವಲ್ಲ ಅಂತಾನೂ ಹೇಳೋಕ್ಕಾಗಲ್ಲ. ಝೂಮ್ ಹಾಗೇ ಇರಲಿ ಅಂತ ಬರೆದವರು ನೀವೇ ಅಲ್ವಾ?"

ಏಣಿ ಮಡಿಸಿಕೊಂಡು ಹೊರಟಳು.

ಒಂದು ವಾರ ಕಳೆದು ಮೇಡಂ ತಮ್ಮನನ್ನು ಕರೆಸಿದರು. ಬೋರ್ಡಿನ ಮೇಲಿನ ಕಾಗದವನ್ನು ಅವನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ. ಸಹಿಯ ಹತ್ತಿರ ಬಂದಾಗಲೆಲ್ಲ ಬೆರಳಿಟ್ಟ. ಕೆಲಸ ವಾಪಸು ಬೇಕೇ ಎಂದು ಕೇಳಿದ್ದಕ್ಕೆ, "ಯೋಚ್ನೆ ಮಾಡ್ತೀನಿ ಮೇಡಂ" ಎಂದ. ಅಕ್ಕನಿಗೆ ಮೈಯೆಲ್ಲ ಉರಿಯಿತು. ಇದೇನು ಇವನದು, ಇಷ್ಟೆಲ್ಲ ಆದ ಮೇಲೂ ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದ ಮಗುವಿನ ಹಾಗೆ.

ಇಬ್ಬರೂ ಮುಂದಿನ ಗೇಟಿಗೆ ಬರುವ ಹೊತ್ತಿಗೆ ಕೆಲಸ ಬಿಡುವ ಗಂಟೆ ಹೊಡೆಯಿತು. ಜನ ಗುಂಪುಗುಂಪಾಗಿ ಹೊರಗೆ ಹೋಗುತ್ತಿದ್ದರು. ಆಫೀಸರೂ ಬಂದ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು. ಅವನನ್ನು ಕಂಡು ನಾಲ್ಕು ಜನ ಮಾತು ನಿಲ್ಲಿಸಿ ದಾರಿ ಬಿಟ್ಟರು, ಬೇಕಾದದ್ದಕ್ಕಿಂತ ಅಗಲವಾಗಿ ಬಿಟ್ಟರು. ವಾಚ್‌ಮನ್ ಏನೂ ಕೇಳಲಿಲ್ಲ. ಆದರೂ ಆಫೀಸರು ಅವನ ಮುಂದೆ ನಿಂತು, ತನ್ನ ಚೀಲದ ಜಿಪ್ಪು ಎಳೆದು, ಬಾಯಿ ಅಗಲಿಸಿ ಹಿಡಿದ. ವಾಚ್‌ಮನ್ ನಾಚಿಕೆಯಿಂದ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಅಕ್ಕ ಮೂರು ವರ್ಷ ಕಾದದ್ದು ಈ ಗಳಿಗೆಗೆ. ಕಣ್ತುಂಬ ನೋಡಬೇಕು ಎಂದು ನಿಂತಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ತಮ್ಮ ಕಾಲೆಳೆಯುತ್ತ ಮುಂದೆ ಹೋದ. ಮುಚ್ಚಿಕೊಳ್ಳಿ ಸಾರ್, ಪರವಾಗಿಲ್ಲ ಎಂದುಬಿಡುತ್ತಾನೆ, ಎಲ್ಲ ಹಾಳು ಮಾಡುತ್ತಾನೆ ಎಂದು ಅಕ್ಕ ಹಲ್ಲು ಕಚ್ಚಿದಳು.

ತಮ್ಮ ಹಾಗೆ ಹೇಳಲಿಲ್ಲ. ಚೀಲದ ಮೇಲೆ ಬಾಗಿದ. ಕನ್ನಡಕ ಸರಿಮಾಡಿಕೊಂಡು ಒಳಗೆ ನೋಡಿದ. ಕೊಡೆಯನ್ನು ಪಕ್ಕಕ್ಕೆ ಸರಿಸಿದ, ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ, ಕನ್ನಡಕದ ಪೆಟ್ಟಿಗೆಯನ್ನೂ ತೆರೆದು ನೋಡಿದ. ಅವಸರವೇ ಇಲ್ಲ ಅವನಿಗೆ. ಹಿಂದೆ ಸಾಲು ಬೆಳೆಯಿತು, ಯಾರೂ ಗೊಣಗಲಿಲ್ಲ. ಆಫೀಸರ ಹಣೆಯಿಂದ ಒಂದು ಹನಿ ಬೆವರು ಚೀಲದೊಳಗೇ ಬಿತ್ತು.

"ಸರಿ," ಎಂದ ತಮ್ಮ, ಸೊಂಟ ನೆಟ್ಟಗೆ ಮಾಡಿಕೊಂಡು. "ಹೋಗಿ."

ಆಫೀಸರು ಹೋದ. ತಮ್ಮನೂ ವಾಚ್‌ಮನ್ನನ್ನು ದಾಟಿ ರಸ್ತೆಗೆ ಇಳಿದ. ಅಕ್ಕ ಹಿಂದಿನಿಂದ ನೋಡಿದಳು. ಅವನ ಚೀಲ ಕಂಕುಳಲ್ಲೇ ಇತ್ತು, ಜಿಪ್ಪು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಬೇಗ ಬಾ ಅಕ್ಕ," ಎಂದ ಅವನು ತಿರುಗಿ ನೋಡದೆ. "ಬಸ್ಸು ಬಂತು."